ಕೆಳಗಿನ ಓಣಿಯ ಮಧ್ಯಾಹ್ನ

"ಸಾಲ್ಯಾಗ ಏಳನೇತ್ತ ದಾಟಲಾರದ ಕತ್ತೆ ನೀ, ನನಗ ತಾರೀಖು ಕಲಸಾಕ ಬಂದೀಯೇನಲೇ?" ಎಂದು ಗುರುಪಾದ ಕಾಕಾ ಅಂದಾಗ ಅಂಗಡಿಯ ಮುಂದೆ ಸಾಲು ನಿಂತವರೆಲ್ಲ ನಕ್ಕರು. ಮುಸಿಮುಸಿ ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗೆ. ಹಾಲಿನ ಚಂದ್ರವ್ವ ನಕ್ಕಳು, ಚಹಾದ ಕಿಟ್ಲಿ ಹಿಡಿದು ನಿಂತಿದ್ದ ಮೌಲಾ ಕೂಡ ನಕ್ಕ. ಅವನ ಮುರಿದ ಕೊಡೆಗೆ ನಾನು ಹಿಂದಿನ ದಿನವಷ್ಟೇ ಕಡ್ಡಿ ಹಾಕಿಕೊಟ್ಟಿದ್ದೆ. ಕಾಕಾ ಅಷ್ಟಕ್ಕೆ ಬಿಡಲಿಲ್ಲ. "ಮಗ್ಗಿ ಬರೂದಿಲ್ಲ, ಮೀಸಿ ಬಂದೈತಿ. ಅಕ್ಕೋರು ಪಾಪ ಅಂತ ಕಸಾ ಹೊಡ್ಯಾಕ ಇಟಗೊಂಡ್ರ, ಇಂವ ಮಷೀನಿನ ಲೆಕ್ಕಾನ ತಿದ್ದಾಕ ನಿಂತಾನ!" ನನ್ನ ಬಲಗೈ ತಾನಾಗಿಯೇ ಮೇಲೆದ್ದಿತ್ತು. ಅದು ಇಳಿಯುವ ಮೊದಲೇ ಇಂದುಮತಿ ಅಕ್ಕೋರು ಹೊರಗೆ ಬಂದು, ಹಿಂದಿನಿಂದ ನನ್ನ ಅಂಗಿಯ ಕಾಲರು ಹಿಡಿದು ಅಂಗಡಿಯೊಳಕ್ಕೆ ಎಳೆದುಕೊಂಡರು.

ನಾನು ಹೇಳಿದ್ದು ಒಂದೇ ಮಾತು: ತಿಪ್ಪವ್ವ ಆಯಿಯ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ತಾರೀಖು ತಪ್ಪಾಗಿದೆ. ಹೇಗೆ ತಪ್ಪು ಎಂದು ನನಗೂ ಗೊತ್ತಿರಲಿಲ್ಲ. ಆಯಿ ಸುಳ್ಳು ಹೇಳುವವಳಲ್ಲ ಎಂಬುದಷ್ಟೇ ಗೊತ್ತಿತ್ತು, ನನಗೆ ಅಷ್ಟು ಸಾಕಾಗಿತ್ತು.

ನಮ್ಮ ಊರಲ್ಲಿ ಓಣಿಗಳು ಎರಡೇ. ಮೇಲಿನದು ಒಂದು, ಕೆಳಗಿನದು ಒಂದು, ನಡುವೆ ಅಗಲವಾದ ಕಲ್ಲಿನ ಮೆಟ್ಟಿಲು. ಮೇಲಿನ ಓಣಿಯಲ್ಲಿ ಸೂರ್ಯ ನೆತ್ತಿಗೆ ಬಂದಾಗ ಕೆಳಗಿನ ಓಣಿಯಲ್ಲಿ ಕೋಳಿ ಕೂಗುತ್ತದೆ. ಮೇಲೆ ನಡುರಾತ್ರಿಯಾದಾಗ ಕೆಳಗೆ ದೀಪ ಹಚ್ಚುತ್ತಾರೆ. ಕ್ಷೌರದ ನಾಗಪ್ಪ ಮೇಲೆ ಒಂದು ಮಧ್ಯಾಹ್ನ ಮುಗಿಸಿ ಕೆಳಗಿಳಿದು ಇನ್ನೊಂದು ಮಧ್ಯಾಹ್ನ ದುಡಿಯುತ್ತಾನೆ. ಮೇಲಿನ ಹುಡುಗಿ ಕೆಳಗಿನ ಮನೆಗೆ ಸೊಸೆಯಾಗಿ ಹೋದರೆ ಮೊದಲ ತಿಂಗಳು ಎಲ್ಲರೂ ಉಣ್ಣುವಾಗ ಆಕಳಿಸುತ್ತಾಳೆ. ಅತ್ತೆ ಏನೂ ಅನ್ನುವುದಿಲ್ಲ, ಅವಳೂ ಹಾಗೆ ಆಕಳಿಸಿದವಳೇ. ನಿದ್ದೆ ಸಾಲದ ಮೇಲಿನವರು ಬೆಳಗಾಗುತ್ತಲೇ ಕಂಬಳಿ ಹೆಗಲಿಗೆ ಹಾಕಿಕೊಂಡು ಕೆಳಗಿನ ಬೀಗರ ಪಡಸಾಲೆಗೆ ಬಂದು, ಉಳಿದ ಕತ್ತಲಿನಲ್ಲಿ ಮಲಗುತ್ತಾರೆ. ಬೀಗರು ಚಾಪೆ ಹಾಸಿಯೇ ಇಟ್ಟಿರುತ್ತಾರೆ.

ಇಬ್ಬರಿಗೂ ಒಂದೇ ಆಗಿರುವುದು ಅಂಕಿ. ಮೆಟ್ಟಿಲ ನಡುವಿನ ಕಟ್ಟೆಯ ಮೇಲೆ ಒಂದು ಕಂಬ, ಕಂಬದ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಒಂದು ದೊಡ್ಡ ಅಂಕಿ. ಊರ ಬಾವಿಯಲ್ಲಿ ಮೊದಲ ಸಲ ನೀರು ಚಿಮ್ಮಿದ ಗಳಿಗೆಯಿಂದ ಅದು ಟಕ್ ಅಂದಾಗಲೊಮ್ಮೆ ಒಂದೊಂದೇ ಏರುತ್ತ ಬಂದಿದೆ, ನಿಂತಿಲ್ಲ. ಎರಡೂ ಓಣಿಗೆ ಅದು ಕಾಣುತ್ತದೆ. ಕೂಸು ಹುಟ್ಟಿದರೆ, ತಾಳಿ ಕಟ್ಟಿದರೆ, ಯಾರಾದರೂ ಕಣ್ಣು ಮುಚ್ಚಿದರೆ, ಹತ್ತಿರ ಇದ್ದವರು ಕತ್ತೆತ್ತಿ ಹಲಗೆ ನೋಡಿ ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಾರೆ. ಇಬ್ಬರು ಕೂಗಿದ ಅಂಕಿಗೆ ಊರಲ್ಲಿ ಯಾರೂ ಎದುರಾಡುವುದಿಲ್ಲ.

ಆದರೆ ಬರೀ ಅಂಕಿಯಿಂದ ಬಾಳುವೆ ನಡೆಯುತ್ತದೆಯೇ? ಹಬ್ಬ ಬರುವುದು ತಾರೀಖಿಗೆ, ಬಸ್ಸು ಬರುವುದು ತಾರೀಖಿಗೆ, ಊರ ಹಳೆಯ ಕಟ್ಟಳೆಗಳು ಮಾತಾಡುವುದೂ ತಾರೀಖಿನಲ್ಲೇ. ಹಾಗಾಗಿ ಅಂಕಿಯನ್ನು ಬಿಡಿಸಿ ವರ್ಷ, ತಿಂಗಳು, ದಿನ, ಹೊತ್ತು ಮಾಡಿಕೊಡಲು ಆ ಕಟ್ಟೆಯ ಮೇಲೆಯೇ ಅಕ್ಕೋರ ಅಂಗಡಿ ಇದೆ. ಮೊದಲು ಬೆರಳೆಣಿಸಿ ಬಿಡಿಸುತ್ತಿದ್ದರಂತೆ, ಒಬ್ಬರಿಗೆ ಒಂದು ಮುಂಜಾನೆ ಬೇಕಾಗುತ್ತಿತ್ತಂತೆ. ಅಕ್ಕೋರು ಕಂಪ್ಯೂಟರ್ ತಂದು, ತಾವೇ ಪ್ರೋಗ್ರಾಂ ಬರೆದರು. ಈಗ ಅಂಕಿ ಹೊಡೆದು ಗುಂಡಿ ಒತ್ತಿದರೆ ಚೀಟಿ ಹೊರಬೀಳುತ್ತದೆ. ಆ ಚೀಟಿಯೇ ಊರಿಗೆ ಕೊನೆಯ ಮಾತು. ಕೈಯಲ್ಲಿ ಬರೆದದ್ದನ್ನು ಯಾರೂ ಒಪ್ಪುವುದಿಲ್ಲ.

ಅಕ್ಕೋರು ವಿನಯದ ಹೆಂಗಸಲ್ಲ. "ನನ್ನ ಪ್ರೋಗ್ರಾಂ ತಪ್ಪಿದ ದಿನ ಸೂರ್ಯಾ ರಜಾ ಹಾಕ್ತಾನ" ಎಂದು ಸಾಲಿನಲ್ಲಿ ನಿಂತವರಿಗೆ ಕೇಳುವಂತೆಯೇ ಹೇಳುತ್ತಿದ್ದರು. ಎರಡು ಚಮಚ ಸಕ್ಕರೆ ಸಾಲದೆ ಮೂರನೆಯದನ್ನು ಬೇಡುತ್ತಿದ್ದರು, ಚಹಾ ತಣ್ಣಗಾದರೆ ಮೌಲಾನ ಮೂರು ತಲೆಮಾರನ್ನು ಬೈಯುತ್ತಿದ್ದರು. ನಾನು ಮೊದಲ ಸಲ ಅವರ ಅಂಗಡಿಗೆ ಹೋದದ್ದೇ ಜಗಳಕ್ಕೆ. ಮಾಸ್ತರರ ಬೆತ್ತ ಕಸಿದು ಮುರಿದು ಸಾಲಿ ಬಿಟ್ಟ ಮೇಲೆ ನಾಲ್ಕಾರು ವರ್ಷ ಊರೆಲ್ಲ ಜಗಳವಾಡಿಕೊಂಡೇ ತಿರುಗಿದ್ದೆ. ನನ್ನ ಹುಟ್ಟಿದ ಅಂಕಿ ಬಿಡಿಸಿದರೆ ಫೆಬ್ರವರಿ ಇಪ್ಪತ್ತೊಂಬತ್ತು ಎಂದು ಬಂದಿತ್ತು. "ಯಮನೂರ್ಯಾಗ ಐದ ವರ್ಷ, ಇನ್ನೂ ಹಾಲ ಹಲ್ಲು" ಎಂದು ಓಣಿಯ ಹುಡುಗರು ಕುಣಿದರು. ಅಂಗಡಿಗೆ ನುಗ್ಗಿ, "ಇಂಥಾ ತಾರೀಖು ಯಾಕ ಕೊಟ್ರಿ ನನಗ?" ಎಂದು ಕೂಗಾಡಿದೆ.

ಅವರು ಬೈಯಲಿಲ್ಲ. "ಕುಂದರೋ ಯಮನೂರ. ಜೋಳಾ ಅಳದೀಯೇನು?" ಎಂದು ಕೇಳಿದರು. ಅಳೆದಿದ್ದೆ. "ಹಂಗಾರ ತಿಳಿತೈತಿ ನಿನಗ. ಅಂಕಿ ಅಂದ್ರ ಕಾಳಿನ ರಾಶಿ. ಒಂದೊಂದು ಟಕ್ಕಿಗೆ ಒಂದು ಕಾಳು. ಎಂಬತ್ತಾರು ಸಾವಿರದ ನಾಕನೂರು ಕಾಳು ಹಿಡಿಯೋ ಚೀಲಾ ತಗೋ. ರಾಶಿ ತುಂಬ್ಕೊಂತ ಹೋಗು. ತುಂಬಿದ ಚೀಲ ಎಷ್ಟೋ ಅಷ್ಟು ದಿನ. ಕಡೀ ಚೀಲದಾಗ ಅರೆಬರೆ ಉಳದೈತೆಲ್ಲಾ, ಅದು ಇವತ್ತಿನ ಹೊತ್ತು. ತಿಳೀತಾ? ಈಗ ಆ ಚೀಲಾನ ವರ್ಷದ ಬಂಡಿಗೆ ಹೇರು. ಬಂಡಿ ಎಲ್ಲಾ ಒಂದಾ ಅಳತಿ ಇಲ್ಲ. ನಾಕನೇ ಬಂಡಿಗೆ ಒಂದ ಚೀಲ ಹೆಚ್ಚು ಹಿಡಿತೈತಿ. ಆ ಹೆಚ್ಚಿನ ಚೀಲದಾಗ ಹುಟ್ಟಿದಾಂವ ನೀ. ಅದಿಲ್ಲ ಅಂದ್ರ ನಿನ್ನ ಆಮ್ಯಾಲ ಹುಟ್ಟಿದವರದೆಲ್ಲಾ ಲೆಕ್ಕ ಒಂದ ದಿನ ಜಾರಿ ಹೋಗ್ತಿತ್ತು. ನಗೋವ್ರಿಗೆ ಹೇಳ ಹೋಗು, ನಿಮ್ಮ ತಾರೀಖು ಹಿಡದ ನಿಂತಾಂವ ನಾನ ಅಂತ."

ಹೋಗಿ ಹೇಳಲಿಲ್ಲ, ಅಲ್ಲೇ ಕುಳಿತೆ. ಕುಳಿತವನು ಇವತ್ತಿಗೂ ಎದ್ದಿಲ್ಲ. ಸಾಲಿಯಲ್ಲಿ ಭಾಗಾಕಾರ ನನ್ನ ಬೆನ್ನ ಮೇಲೆ ಬೆತ್ತವಾಗಿ ಬಿದ್ದಿತ್ತು. ಇಲ್ಲಿ ಅದು ನಾಲ್ಕು ಸಾಲಿನಲ್ಲಿ ನನ್ನ ಕಣ್ಣೆದುರು ಒಂದು ಮುಂಜಾವನ್ನು ಬಿಡಿಸಿ ಇಡುತ್ತಿತ್ತು. ಬಾವಿಗಿಂತ ಮೊದಲು ಹುಟ್ಟಿದ ಮುದುಕರ ಅಂಕಿಯ ಮುಂದೆ ಒಂದು ಕಳೆಯುವ ಗೆರೆ ಇರುತ್ತದೆ, ಅವರಿಗೆ ಚೀಲವನ್ನು ಹಿಂದಕ್ಕೆ ಬಿಚ್ಚುತ್ತ ಹೋಗಬೇಕು. ಅಂಥವರನ್ನು ಊರವರು "ಕಳೆಯುವ ಮಂದಿ" ಎಂದು ಕರೆಯುತ್ತಾರೆ, ಅವರೂ ಆ ಮಾತಿಗೆ ಎದೆಯುಬ್ಬಿಸುತ್ತಾರೆ. ಒಮ್ಮೆ ಒಬ್ಬ ವರನ ಕಡೆಯವರು ಅಂಕಿಯ ಕೊನೆಗೆ ತಪ್ಪಿ ಮೂರು ಸೊನ್ನೆ ಹೆಚ್ಚಿಗೆ ಬರೆಸಿಕೊಂಡು ಬಂದರು. ಚೀಟಿ ಹೊರಬಂತು. ಅಕ್ಕೋರು ಕನ್ನಡಕ ಏರಿಸಿ ಓದಿದರು: "ಹುಡುಗಾ ಹುಟ್ಟಾಕ ಇನ್ನೂ ಸಾವಿರಗಟ್ಲೆ ವರ್ಷ ಐತ್ರೆವ್ವಾ. ಕಾಯ್ತೀರೋ, ಬ್ಯಾರೆ ನೋಡ್ತೀರೋ?" ಹೆಣ್ಣಿನ ಕಡೆಯವರು ಮೆಟ್ಟಿಲ ಮೇಲೇ ಕುಸಿದು ನಕ್ಕರು.

ಇಂಥ ಹೆಂಗಸಿನ ಅಂಗಡಿಯಿಂದ ಹೋದ ಚೀಟಿ ತಪ್ಪು ಎಂದು ನಾನು ಎಲ್ಲರ ಮುಂದೆ ಕೂಗಿದ್ದೆ.

ತಿಪ್ಪವ್ವ ಆಯಿಯ ಮನೆ ಕೆಳಗಿನ ಓಣಿಯ ತುದಿಯಲ್ಲಿದೆ. ನಮ್ಮವ್ವ ಸತ್ತ ವರ್ಷ ಆಯಿ ನನಗೆ ರೊಟ್ಟಿ ಹಾಕಿದವಳು. ಹೋದ ವರ್ಷ ಮಗಳಿಗೆ ಆರಾಮಿಲ್ಲವೆಂದು ಮನೆಗೆ ಕೀಲಿ ಹಾಕಿ ದೂರದ ಊರಿಗೆ ಹೋದಳು. ನಮ್ಮಲ್ಲಿ ಬಾವಿಗಿಂತ ಹಳೆಯದೊಂದು ಕಟ್ಟಳೆ ಇದೆ. ಕೀಲಿ ಹಾಕಿದ ತಾರೀಖು ಮರುವರ್ಷ ಬಂದು ಆ ದಿನ ಮುಗಿಯುವುದರೊಳಗೆ ಮನೆಯವರು ಬಂದು ಕೀಲಿ ತೆಗೆಯಬೇಕು. ತೆಗೆಯದಿದ್ದರೆ ಮನೆ ಊರಿಗೆ ಸೇರುತ್ತದೆ. ಆಯಿ ಕೀಲಿ ಹಾಕಿದ್ದು ಮಾರ್ಚ್ ಒಂಬತ್ತಕ್ಕೆ. ಬಸ್ಸು ಕೆಟ್ಟು, ನಡೆದು, ಕೊನೆಗೆ ಈ ಸಲದ ಮಾರ್ಚ್ ಒಂಬತ್ತಕ್ಕೆ ಕೆಳಗಿನ ಓಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಬಂದು ಬಾಗಿಲು ತೆಗೆದಳು. ನೆರೆಯ ಇಬ್ಬರು ಅಂಕಿ ಕೂಗಿದರು. ಊರಿಗೆಲ್ಲ ಕೇಳಿಸಿತು.

ಗುರುಪಾದ ಕಾಕಾ ಊರ ಹಿರಿಯ, ಮನೆ ಇರುವುದು ಮೇಲಿನ ಓಣಿಯಲ್ಲಿ. ಆ ಜಾಗದಲ್ಲಿ ಹಿಟ್ಟಿನ ಗಿರಣಿ ಹಾಕಬೇಕೆಂದು ಅವನು ಆರು ತಿಂಗಳಿಂದ ಹೇಳುತ್ತಿದ್ದ. ಜನಕ್ಕೂ ಗಿರಣಿ ಬೇಕಿತ್ತು. ಜೋಳದ ಬುಟ್ಟಿ ಹೊತ್ತು ಪಕ್ಕದೂರಿಗೆ ನಡೆದು ಎಲ್ಲರ ಕತ್ತು ಸೋತಿತ್ತು. ಮರುದಿನ ಮೇಲೆ ಹೊತ್ತೇರುತ್ತಲೇ ಅವನು ಆ ಕೂಗಿದ ಅಂಕಿಯನ್ನು ತಂದು ಅಕ್ಕೋರಿಗೆ ಕೊಟ್ಟ. ಚೀಟಿ ಬಂತು: ಮಾರ್ಚ್ ಹತ್ತು, ನಡುರಾತ್ರಿ ದಾಟಿ ಅರೆಗಳಿಗೆ. ಅದನ್ನು ಆಯಿಯ ಬಾಗಿಲಿಗೆ ಅಂಟಿಸಿ ಬಂದ. ಕೆಳಗೆ ಕೋಳಿ ಕೂಗಿದಾಗ ಆಯಿ ಅಂಗಳ ಗುಡಿಸಲು ಎದ್ದು, ಬಾಗಿಲು ನೋಡಿ, ಕಸಬರಿಗೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದಳು. "ಯಪ್ಪಾ ಯಮನೂರ, ದೀಪ ಹಚ್ಚಿ ಆಮ್ಯಾಲ ಅನ್ನಕ್ಕ ಇಟ್ಟೀನೋ. ನಡುರಾತ್ರ್ಯಾಗ ಯಾರರ ಅನ್ನಕ್ಕ ಇಡ್ತಾರೇನು?"

ಅದಕ್ಕೇ ನಾನು ಕೂಗಿದ್ದು, ಅದಕ್ಕೇ ಕಾಕಾ ಬೈದದ್ದು.

ಒಳಗೆ ಎಳೆದುಕೊಂಡ ಅಕ್ಕೋರು ಕಾಲರು ಬಿಟ್ಟರು. "ಅಂಕಿ ಸರಿ ಐತಿ. ಭಾಗಾಕಾರ ಸರಿ ಐತಿ. ನೋಡ ಬೇಕಾರ" ಎಂದು ನನ್ನ ಮುಂದೆಯೇ ಮತ್ತೆ ಹೊಡೆದರು. ಅದೇ ಮಾರ್ಚ್ ಹತ್ತು. "ಆಯಿಗೆ ವಯಸ್ಸಾಗೈತಿ. ನನ್ನ ಪ್ರೋಗ್ರಾಂಗ ಆಗಿಲ್ಲ." ನನಗೆ ಅವರ ಮೇಲೂ ಸಿಟ್ಟು ಬಂತು. ಬಾಗಿಲಿನ ಹೊರಗೆ ಆಯಿ ಕಸಬರಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು, ಅದೊಂದೇ ಈಗ ಅವಳ ಮನೆಯ ಸಾಮಾನು ಎಂಬಂತೆ.

ಆಗ ಪಿಕಾಸಿಯವರ ಮುಂದಾಳು ದುರಗಪ್ಪ ನಾಲ್ಕು ಆಳು ಕರೆದುಕೊಂಡು ಬಂದ. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ ಗುರುಪಾದ ಕಾಕಾನನ್ನು ಕೇಳಿದ, "ಯಜಮಾನ್ರ, ಗೋಡಿ ಮಧ್ಯಾಹ್ನಕ್ಕ ಕೆಡವು ಅಂದ್ರೆಲ್ಲಾ, ಯಾವ ಮಧ್ಯಾಹ್ನ? ಇಲ್ಲಿ ಮ್ಯಾಲ ಈಗ ಆಗಿ ಹೋತು."

"ಬುದ್ಧಿ ಐತೇನಲೇ ದುರಗ್ಯಾ? ಮನಿ ಇರೋದು ಕೆಳಗ. ಕೆಳಗಿನ ಮಧ್ಯಾಹ್ನಕ್ಕ. ನೆಳ್ಳು ಕಾಲಾಗ ಬಂದ ಕೂಡ್ಲೆ ಪಿಕಾಸಿ ಎತ್ತು."

ಅಕ್ಕೋರ ಕೈಯಲ್ಲಿ ಚಹಾದ ಗ್ಲಾಸು ಇತ್ತು. ಬಾಯಿಯ ತನಕ ಹೋದದ್ದು ಅಲ್ಲೇ ನಿಂತಿತು. ಅವರು ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ. "ಮನಿ ಇರೋದು ಕೆಳಗ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಯಮನೂರ, ನನ್ನ ಪ್ರೋಗ್ರಾಂ ಮೊದಲ ಏನ ಕೇಳ್ತೈತಿ?" ಎಂದರು.

"ನಿಮ್ಮ ಓಣಿ ಯಾವ್ದು ಅಂತ."

"ಯಾರ ಓಣಿ?"

"ಅಂಕಿ ತಂದವರ ಓಣಿ."

ಹತ್ತು ವರ್ಷದಿಂದ ಹೆಚ್ಚಿನ ಜನ ತಮ್ಮ ತಮ್ಮ ಅಂಕಿಯನ್ನೇ ತರುತ್ತಿದ್ದರು. ಮೇಲಿನವರು ಮೇಲಿನದು, ಕೆಳಗಿನವರು ಕೆಳಗಿನದು. ತಪ್ಪು ಯಾರ ಗಮನಕ್ಕೂ ಬಂದಿರಲಿಲ್ಲ. ಈಗ ಮೇಲಿನವನೊಬ್ಬ ಕೆಳಗಿನವಳ ಅಂಕಿ ತಂದ. ಮಷೀನು ಅವನ ಓಣಿ ಕೇಳಿತು, ಅವನ ಓಣಿಯ ನಡುರಾತ್ರಿಯನ್ನು ಅವಳ ಬಾಗಿಲಿಗೆ ಅಂಟಿಸಿತು. ಕೀಲಿ ತೆಗೆದದ್ದು ದೀಪ ಹಚ್ಚುವ ಹೊತ್ತಿಗೇ. ಆಯಿ ನಿಜ ಹೇಳಿದ್ದಳು, ಕಾಕಾ ಸುಳ್ಳು ಹೇಳಿರಲಿಲ್ಲ, ಅಂಕಿಯೂ ಸರಿ ಇತ್ತು. ಕೇಳಬೇಕಾದ ಪ್ರಶ್ನೆಯೇ ಬೇರೆ ಇತ್ತು.

"ಹಂಗಾರ ಓಣಿ ಬದಲಿ ಮಾಡಿ ಇನ್ನೊಂದ ಚೀಟಿ ಹೊಡೀರಿ, ನಾ ಓಡ್ತೀನಿ" ಎಂದೆ. ಒಂದು ಗುಂಡಿಯ ಕೆಲಸ ಅದು.

"ಒಬ್ಬಾಕಿಗಷ್ಟ ಓಣಿ ಬದಲಿ ಮಾಡಿದ್ರ ಗುರುಪಾದ ಏನಂತಾನ? ಅಕ್ಕೋರು ಮಾರೀ ನೋಡಿ ತಾರೀಖು ಕೊಡ್ತಾರ ಅಂತಾನ. ಅಂದದ್ದು ಖರೇನೂ ಆಗ್ತೈತಿ. ಆಮ್ಯಾಲ ಈ ಅಂಗಡಿ ಚೀಟಿ ಯಾವ ಬಾಗಲಾ ಕಾಯ್ತೈತಿ?" ಎಂದು ಅವರು ಎದ್ದರು. ಗ್ಲಾಸು ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಮೇಲೆ ಬಂದು ನಿಂತರು. ಕತ್ತೆತ್ತಿ ಹಲಗೆ ನೋಡಿ, ಅಲ್ಲಿದ್ದ ಅಂಕಿಯನ್ನು ಗಟ್ಟಿಯಾಗಿ ಕೂಗಿದರು. ಕೂಸು ಹುಟ್ಟಿದಾಗ, ಮಂದಿ ಸತ್ತಾಗ ಕೂಗುವ ದನಿ ಅದು. ಎರಡೂ ಓಣಿಯಲ್ಲಿ ತಲೆಗಳು ಹೊರಬಂದವು.

"ಈ ಗಳಿಗೆಗೆ, ಇಂದುಮತಿ ಬರದ ಪ್ರೋಗ್ರಾಂ ತಪ್ಪೈತಿ ಅಂತ ಇಂದುಮತಿನ ಹೇಳಾಕತ್ತೀನಿ. ಅಂಕಿ ತಂದವರ ಓಣಿ ಕೇಳಿದ್ನಿ. ಸಂಗತಿ ನಡದ ಓಣಿ ಕೇಳಬೇಕಿತ್ತು. ಬ್ಯಾರೆಯವರ ಅಂಕಿ ತಂದು ಬಿಡಿಸಿಕೊಂಡವರು ಎಲ್ಲಾರೂ ಚೀಟಿ ವಾಪಸ್ ತರ್ರಿ. ಸರಿ ಮಾಡಿ ಕೊಡ್ತೀನಿ. ಇನ್ನೊಬ್ಬರು ಕೂಗ್ರಿ ಅಂಕಿನ."

ಎರಡನೆಯವನಾಗಿ ನಾನೇ ಕೂಗಿದೆ.

ಜನ ಗೊಳ್ಳೆಂದು ನಕ್ಕರು. "ಸೂರ್ಯಾ ರಜಾ ಹಾಕಿದನೇನ್ರಿ ಅಕ್ಕೋರ?" ಎಂದು ಒಬ್ಬ. "ನನ್ನ ಮದವಿ ಅಂಕಿ ನಮ್ಮ ಮಾವ ತಂದಿದ್ದ. ತಾರೀಖು ತಪ್ಪಿದ್ರ ಮದವಿನೂ ತಪ್ಪೇನು? ಇವತ್ತ ಬಿಡಿಸಿಬಿಡ್ರಿ ನನ್ನ!" ಎಂದು ನಾಗಪ್ಪ, ಅವನ ಹೆಂಡತಿ ಕೆಳಗಿನ ಓಣಿಯಿಂದಲೇ ಚಪ್ಪಲಿ ತೋರಿಸಿದಳು. ಗುರುಪಾದ ಕಾಕಾ ಮಾತ್ರ ನಗಲಿಲ್ಲ. "ಹತ್ತು ವರ್ಷ ಊರಿಗೆಲ್ಲಾ ಮಣ್ಣು ಮುಕ್ಕಿಸಿದೆಲ್ಲವ್ವಾ. ಇದಾ ಏನ ನಿನ್ನ ಶಾಣ್ಯಾತನ?" ಎಂದ. ಅಂಥ ಮಾತಿಗೆ ಅಕ್ಕೋರು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಮೌಲಾನ ಮೂರು ತಲೆಮಾರು ಕೇಳಿದವನು ನಾನು. ಅವರು, "ಹೌದಪಾ, ತಪ್ಪು ನಂದ" ಎಂದರು. ಒಳಗೆ ಹೋಗಿ ಕುಳಿತು ಕೀಲಿಮಣೆ ಎಳೆದುಕೊಂಡರು. ಅಷ್ಟೇ. ಜಗತ್ತಿನಲ್ಲಿ ನಾನು ಕಂಡ ಅತಿ ದೊಡ್ಡ ಕೆಲಸ ಅದು, ಮೂರು ಶಬ್ದದಲ್ಲಿ ಮುಗಿದು ಹೋಯಿತು.

ತಿದ್ದುವುದು ಸಣ್ಣ ಕೆಲಸವಾಗಿರಲಿಲ್ಲ. ಓಣಿಯ ಪ್ರಶ್ನೆ ಪ್ರೋಗ್ರಾಮಿನ ತಲೆಯಿಂದ ಕಾಲಿನ ತನಕ ಎಲ್ಲ ಕಡೆ ಹೆಣೆದುಕೊಂಡಿತ್ತು. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆ ಫೆಬ್ರವರಿ ಕೆಡುತ್ತಿತ್ತು. ಅವರು ಬರೆದರು, ನಾನು ಪರೀಕ್ಷೆಯ ಅಂಕಿ ಹೊಡೆದೆ. ಬಾವಿಗೆ ಮೊದಲಿನದೊಂದು ಅಂಕಿ ಹೊಡೆದರೆ ದಿನ ಮುಂದಕ್ಕೆ ಜಾರಿತು. ಅವರು ಹಲ್ಲು ಕಚ್ಚಿ ಮತ್ತೆ ಬರೆದರು. ನನ್ನ ಹುಟ್ಟಿದ ಅಂಕಿ ಹೊಡೆದರೆ ಮಾರ್ಚ್ ಒಂದು ಬಂತು. "ನಿನಗ ಹುಡುಗುರು ನಗೂದ ತಪ್ಪತೈತಿ, ಹಿಂಗ ಬಿಡ್ಲೇನು?" ಎಂದರು. "ಬ್ಯಾಡ್ರಿ, ನನ್ನ ಇಪ್ಪತ್ತೊಂಬತ್ತು ನನಗ ಕೊಡ್ರಿ" ಎಂದೆ. ಆ ಹೊತ್ತಿನಲ್ಲೂ ಅವರು ನಕ್ಕರು. ಕಿಟಕಿಯಲ್ಲಿ ಮೇಲಿನ ಓಣಿಯ ಬಿಸಿಲು ಹಳದಿಯಾಗುತ್ತಿತ್ತು, ಕೆಳಗಿನ ಓಣಿಯ ಬಿಸಿಲು ಬೆಳ್ಳಗಾಗುತ್ತಿತ್ತು. ಆಯಿ ಕೂತಲ್ಲಿಂದ ಎದ್ದು, ಮನೆಯ ಮುಂದೆ ತಾನಾದರೂ ಇರುತ್ತೇನೆಂದು ಕಸಬರಿಗೆ ಹಿಡಿದು ಇಳಿದು ಹೋದಳು. ದುರಗಪ್ಪ ಅವಳ ಹಿಂದೆ ಪಿಕಾಸಿ ಹೊತ್ತು ಇಳಿದ.

ಕೊನೆಗೆ ಎಲ್ಲ ಅಂಕಿಗಳೂ ತಮ್ಮ ತಮ್ಮ ದಿನಕ್ಕೆ ಹೋಗಿ ಕುಳಿತವು. ಅಕ್ಕೋರು ಆಯಿಯ ಅಂಕಿ ಹೊಡೆದರು. ಮಷೀನು ಹೊಸ ಪ್ರಶ್ನೆ ಕೇಳಿತು: ಎಲ್ಲಿ ನಡೆದದ್ದು? ಅವರು "ಕೆಳಗೆ" ಎಂದು ಒತ್ತಿದರು. ಚೀಟಿ ಹೊರಬಿತ್ತು. ಮಾರ್ಚ್ ಒಂಬತ್ತು, ಸಂಜೆ. ಅಂಟಿನ ಡಬ್ಬಿಯನ್ನೂ ಚೀಟಿಯನ್ನೂ ನನ್ನ ಕೈಗೆ ಕೊಟ್ಟು, "ಹೋಗು" ಎಂದಷ್ಟೇ ಹೇಳಿದರು. ಕಣ್ಣು ಒರೆಸಿಕೊಂಡು ಮುಂದಿನ ಅಂಕಿಗೆ ಕೈ ಹಾಕಿದರು. ಹೊರಗೆ ಹಳೆಯ ಚೀಟಿ ಹಿಡಿದವರ ಸಾಲು ಬೆಳೆಯುತ್ತಿತ್ತು.

ಈ ಹೊಸ ಚೀಟಿ ಬಾಗಿಲಿಗೆ ಅಂಟಿದ್ದರೆ ಯಾರೂ ಪಿಕಾಸಿ ಎತ್ತುವುದಿಲ್ಲ. ಅಂಟುವ ಮೊದಲು ಒಂದು ಏಟು ಬಿದ್ದರೂ ಅದು ಬಿದ್ದ ಮನೆ, ಮತ್ತೆ ಕೇಳುವಂತಿಲ್ಲ. ಕಾಕಾನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಕಟ್ಟೆಯ ಕೆಳಗೆ, ಮೇಲಿನ ಸಂಜೆ ಮುಗಿದು ಕೆಳಗಿನ ಹಗಲು ಶುರುವಾಗುವ ಮೆಟ್ಟಿಲ ಮೇಲೆ ಅವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಸುತ್ತ ಮತ್ತದೇ ಜನ.

"ಬಂದಾ ನೋಡ್ರಿ, ಅಕ್ಕೋರ ಸಾಕಿದ ಕತ್ತೆ" ಎಂದ. "ಏನೈತಿ ಕೈಯಾಗ? ಓದಿ ಹೇಳು ನೋಡೂಣು, ಓದಾಕ ಬರ್ತೈತೇನು? ನಿಮ್ಮವ್ವ ಇದ್ದಿದ್ರ ನಾಲ್ಕ ಅಕ್ಷರಾ ಕಲಿಸ್ತಿದ್ಲು. ಅಕಿನೂ ನಿನ್ನ ಮಾರಿ ನೋಡಲಾರದಕ್ಕ ಲಗೂನ ಹೋದ್ಲು. ಯಾಕಲೇ, ಮಾತಾಡು! ಆವಾಗ ಕೈ ಎತ್ತಿದ್ದೆಲ್ಲಾ, ಈಗ ಎತ್ತು!"

ಬಾಯಲ್ಲಿ ಮಾತು ತುಂಬಿ ನಿಂತಿತು, ಎಂಥ ಮಾತೆಂದರೆ ಆಡಿದ್ದರೆ ಆ ಜನ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು, ಅವನನ್ನು ನೋಡಿ. ಕೈ ಮುಷ್ಟಿಯಾಯಿತು, ಮುಷ್ಟಿಯೊಳಗೆ ಚೀಟಿ ಮುದುಡುವ ಸದ್ದು ಕೇಳಿ ಬಿಚ್ಚಿದೆ. ಅವನ ಹೆಗಲಿನಾಚೆ, ಕೆಳಗೆ, ಆಯಿ ತನ್ನ ಬಾಗಿಲಿಗೆ ಬೆನ್ನು ಕೊಟ್ಟು ಕಸಬರಿಗೆ ಹಿಡಿದು ನಿಂತಿದ್ದಳು. ದುರಗಪ್ಪ ತಲೆ ಬಗ್ಗಿಸಿ ತನ್ನ ನೆರಳನ್ನು ನೋಡುತ್ತಿದ್ದ. ಅದು ಇನ್ನೂ ಅವನ ಪಾದದಿಂದ ಒಂದು ಗೇಣು ಹೊರಗಿತ್ತು. ಪಿಕಾಸಿಗಳು ಗೋಡೆಗೆ ಒರಗಿಕೊಂಡೇ ಇದ್ದವು.

ನಾನು ಕಾಕಾನ ಪಕ್ಕಕ್ಕೆ ಸರಿದು ಮೆಟ್ಟಿಲು ಇಳಿದೆ. ಹಿಂದಿನಿಂದ ಅವನು ಇನ್ನೂ ಕೂಗುತ್ತಿದ್ದ, ಅವನ ಮಾತೆಲ್ಲ ಮೇಲಿನ ಸಂಜೆಯಲ್ಲೇ ಉಳಿಯಿತು. ನನ್ನ ಮುಖದ ಮೇಲೆ ಬೆಳ್ಳನೆಯ ಬಿಸಿಲು ಬಿತ್ತು. ನಡೆಯುತ್ತಲೇ ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆದೆ.